ಮೊದಲ ವರ್ಷದ ಸೆಮಿನಾರ್: ಸೇತುವೆ ಇದೆ, ಆಚೆ ದಡ ಎಲ್ಲಿ?

ಅಮೆರಿಕದ ಕಾಲೇಜುಗಳ ಸುದ್ದಿ ಓದುವವರಿಗೆ ಈಚೆಗೆ ಒಂದು ವಿಷಯ ಅರ್ಥವಾಗುತ್ತಿಲ್ಲ. ಒಂದು ಕಡೆ, ಹೊಸದಾಗಿ ಸೇರಿದವರಿಗೆ ‘ಮೊದಲ ವರ್ಷದ ಸೆಮಿನಾರ್’ ಬೇಕೇ ಬೇಕು ಅನ್ನುತ್ತಾರೆ. ಅದಿದ್ದರೆ ವಿದ್ಯಾರ್ಥಿಗಳು ಓದನ್ನು ಅರ್ಧಕ್ಕೆ ಬಿಡುವುದಿಲ್ಲ ಎಂಬ ನಂಬಿಕೆ. ಇನ್ನೊಂದು ಕಡೆ, ಎಲ್ಲರೂ ಕಡ್ಡಾಯವಾಗಿ ಓದಬೇಕಾದ ಕೋರ್ಸ್‌ಗಳ ಪಟ್ಟಿಯ ಮೇಲೆ ರಾಜ್ಯ ಸರ್ಕಾರಗಳ ಕಣ್ಣು ಬಿದ್ದಿದೆ. ಟೆಕ್ಸಾಸ್ 2025ರಲ್ಲಿ ಎಸ್‌ಬಿ 37 ಎಂಬ ಕಾಯ್ದೆ ತಂದಿತು. ಸಾಮಾನ್ಯ ಶಿಕ್ಷಣದ, ಅಂದರೆ ಇಂಥ ಕಡ್ಡಾಯ ಕೋರ್ಸ್‌ಗಳನ್ನು ಪರಿಶೀಲಿಸುವ ಕೆಲಸವನ್ನು ಅದು ಸರ್ಕಾರಿ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳಿಗೆ ವಹಿಸಿತು. ಅದೇ ವರ್ಷ ಒಹಾಯೊದ ಎಸ್‌ಬಿ 1 ಕಾಯ್ದೆ ಪದವಿಗೆ 3 ಕ್ರೆಡಿಟ್‌ನ ನಾಗರಿಕ ಶಿಕ್ಷಣದ ಕೋರ್ಸ್ ಒಂದನ್ನು ಕಡ್ಡಾಯ ಮಾಡಿತು.

ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಜಾಗ ಬಿಡಬೇಕು. ಯಾವುದು ಬಿಡಬೇಕು ಎಂಬ ಚರ್ಚೆ ಎದ್ದಾಗಲೆಲ್ಲ ಬೆರಳು ಸೆಮಿನಾರ್ ಕಡೆಗೂ ತಿರುಗುತ್ತದೆ. ಹಾಗಾದರೆ ಅದು ಉಪಯೋಗದ್ದೋ ಅಲ್ಲವೋ? ಸಂಶೋಧನೆಗಳನ್ನು ನೋಡಿದರೆ ಎರಡೂ ಉತ್ತರ ಸಿಗುತ್ತವೆ. ಯಾಕೆ ಹೀಗೆ ಅಂತ ತಿಳಿಯಬೇಕಾದರೆ, ಸೆಮಿನಾರ್ ಒಳಗೆ ಇಣುಕಿದರಷ್ಟೇ ಸಾಲದು, ಅದು ಮುಗಿದ ಮಾರನೇ ಸೆಮಿಸ್ಟರ್‌ನಲ್ಲಿ ಏನಾಗುತ್ತದೆ ಎಂದೂ ನೋಡಬೇಕು.

ಒಂದು ಹೆಸರು, ಎರಡು ಹುಟ್ಟು

ಮೊದಲ ವರ್ಷದ ಸೆಮಿನಾರ್ ಅಂದರೆ ಹೊಸ ವಿದ್ಯಾರ್ಥಿಗಳಿಗಾಗಿಯೇ ಇರುವ ಪುಟ್ಟ ಕ್ಲಾಸು. ಹದಿನೈದೋ ಇಪ್ಪತ್ತೋ ಜನ, ಒಬ್ಬರು ಮೇಷ್ಟ್ರು, ಜಾಸ್ತಿ ಮಾತುಕತೆ, ಕಡಿಮೆ ಉಪನ್ಯಾಸ. ಇಷ್ಟರ ಆಚೆಗೆ ಒಂದು ಕಾಲೇಜಿನ ಸೆಮಿನಾರ್‌ಗೂ ಇನ್ನೊಂದರದ್ದಕ್ಕೂ ಹೋಲಿಕೆ ಕಡಿಮೆ. ಇದಕ್ಕೆ ಕಾರಣ ಅದರ ಚರಿತ್ರೆಯಲ್ಲೇ ಇದೆ.

ಹಾರ್ವರ್ಡ್‌ನಲ್ಲಿ ಇದು ಶುರುವಾದದ್ದು 1959ರಲ್ಲಿ. ಇದರ ಹಿಂದಿದ್ದ ಹಣ ಪೋಲರಾಯ್ಡ್ ಕಂಪನಿ ಕಟ್ಟಿದ ಎಡ್ವಿನ್ ಲ್ಯಾಂಡ್ ಅವರದು. ಅದಕ್ಕೆ ಎರಡು ವರ್ಷ ಮೊದಲು ಎಂಐಟಿಯಲ್ಲಿ ಮಾತಾಡುತ್ತಾ ಅವರು, ವಿದ್ಯಾರ್ಥಿಗೆ ಮೊದಲ ದಿನದಿಂದಲೇ ತನ್ನದೇ ಆದ ಸಂಶೋಧನೆ ಇರಬೇಕು, ಜೊತೆಗೆ ನಿಂತು ನಡೆಸುವ ಒಬ್ಬ ಹಿರಿಯರು ಇರಬೇಕು ಎಂದು ವಾದಿಸಿದ್ದರು. ಅಂದರೆ ಈ ಸೆಮಿನಾರ್‌ನ ಬೇರು ಕುತೂಹಲದಲ್ಲಿದೆ.

ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಕಥೆಯೇ ಬೇರೆ. 1970ರ ಮೇ ತಿಂಗಳಲ್ಲಿ ಅಲ್ಲಿ ವಿದ್ಯಾರ್ಥಿಗಳ ದೊಡ್ಡ ಗಲಭೆ ಆಯಿತು. ಅಧ್ಯಕ್ಷ ಥಾಮಸ್ ಜೋನ್ಸ್ ಆಡಳಿತ ಕಟ್ಟಡದೊಳಗೇ ಸಿಕ್ಕಿಹಾಕಿಕೊಂಡರು. ಗಲಾಟೆ ತಣ್ಣಗಾದ ಮೇಲೆ ಅವರು ತಮ್ಮನ್ನೇ ಕೇಳಿಕೊಂಡದ್ದು, ಈ ಮಕ್ಕಳಿಗೂ ವಿಶ್ವವಿದ್ಯಾಲಯಕ್ಕೂ ನಂಟೇ ಇಲ್ಲವಲ್ಲ, ಅದನ್ನು ಬೆಸೆಯುವುದು ಹೇಗೆ ಅಂತ. 1972ರಲ್ಲಿ ‘ಯೂನಿವರ್ಸಿಟಿ 101’ ಎಂಬ ಕೋರ್ಸ್ ಬಂತು. 1974ರಿಂದ ಅದನ್ನು ನಡೆಸಿದ ಜಾನ್ ಗಾರ್ಡ್ನರ್ ಅದನ್ನೊಂದು ಚಳವಳಿಯಾಗಿ ಬೆಳೆಸಿದರು. ದೇಶದ ನೂರಾರು ಕಾಲೇಜುಗಳು ಅದನ್ನು ನೋಡಿ ಕಲಿತವು. ಇದರ ಬೇರು ಇರುವುದು ಭಯದಲ್ಲಿ. ವಿದ್ಯಾರ್ಥಿ ಕೈತಪ್ಪಿ ಹೋಗಬಾರದು ಎಂಬ ಭಯ.

ಒಂದು ಸೆಮಿನಾರ್ ‘ಹುಡುಕು’ ಅನ್ನುತ್ತದೆ, ಇನ್ನೊಂದು ‘ಇಲ್ಲೇ ಇರು’ ಅನ್ನುತ್ತದೆ. ಬೆಟ್ಸಿ ಬೇರ್‌ಫುಟ್ ಎಂಬ ಸಂಶೋಧಕಿ 1992ರಲ್ಲೇ ಇವುಗಳನ್ನು ವಿಂಗಡಿಸಿದ್ದರು. ಕಾಲೇಜಿನ ಪರಿಚಯ ಮಾಡಿಸುವ ಬಗೆ, ಎಲ್ಲರೂ ಒಂದೇ ಪಠ್ಯ ಓದುವ ಬಗೆ, ಮೇಷ್ಟ್ರಿಗೊಂದು ವಿಷಯ ಇರುವ ಬಗೆ, ಒಂದು ವೃತ್ತಿಗೋ ವಿಭಾಗಕ್ಕೋ ಅಂಟಿಕೊಂಡ ಬಗೆ, ಬರೀ ಓದುವ-ಬರೆಯುವ ಕೌಶಲ ಹೇಳಿಕೊಡುವ ಬಗೆ. ಈಗ ಹಲವು ಕಡೆ ಇವೆಲ್ಲ ಕಲಸಿಹೋಗಿವೆ. ಬೆಳಿಗ್ಗೆ ಪ್ಲೇಟೊ, ಮಧ್ಯಾಹ್ನ ಟೈಮ್ ಮ್ಯಾನೇಜ್‌ಮೆಂಟ್.

120ರಲ್ಲಿ ಒಂದು

ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಒಂದು ಕ್ರೆಡಿಟ್ ಅಂದರೆ ಸುಮಾರಾಗಿ ವಾರಕ್ಕೊಂದು ತಾಸಿನ ಕ್ಲಾಸು, ಹದಿನೈದು ವಾರ. ಹಲವು ಕಾಲೇಜುಗಳಲ್ಲಿ ಸೆಮಿನಾರ್‌ಗೆ ಸಿಗುವುದು ಒಂದೇ ಕ್ರೆಡಿಟ್. ಅಂದರೆ ಒಟ್ಟು ಓದಿನಲ್ಲಿ ಶೇಕಡಾ ಒಂದರಷ್ಟೂ ಇಲ್ಲ. ಧಾರಾಳವಾಗಿ ಮೂರು ಕ್ರೆಡಿಟ್ ಕೊಟ್ಟರೂ ಶೇ 2.5.

ಈ ಪುಟ್ಟ ಡಬ್ಬಿಗೆ ತುಂಬುವುದು ಏನೇನು? ಬರೆಯುವುದು ಕಲಿಸಬೇಕು. ಲೈಬ್ರರಿ ಬಳಸುವುದು ಹೇಳಿಕೊಡಬೇಕು. ಕೃತಿಚೌರ್ಯ ಅಂದರೇನು ಅಂತ ತಿಳಿಸಬೇಕು. ಗೆಳೆಯರು ಸಿಗುವಂತೆ ಮಾಡಬೇಕು. ಒಂಟಿತನ ಗುರುತಿಸಬೇಕು. ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಆಯ್ದುಕೊಳ್ಳಲು ನೆರವಾಗಬೇಕು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಅದನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಅನ್ನುವುದನ್ನೂ ಇಲ್ಲೇ ಹೇಳಿಬಿಡಿ ಅಂದರು. ಬೇರೆ ಯಾರೂ ಹೊರಲು ಒಪ್ಪದ ಮೂಟೆಗಳೆಲ್ಲ ಈ ಕೋರ್ಸ್‌ನ ಬೆನ್ನಿಗೆ ಬೀಳುತ್ತವೆ.

ಹದಿನೈದು ತಾಸಿನಲ್ಲಿ ಇಷ್ಟೂ ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಕೋರ್ಸ್ ಇಡುತ್ತಾರೆ. ಯಾಕೆಂದರೆ ಇಲ್ಲಿ ಬರೀ ಬೀಜ ಬಿತ್ತುವುದು, ಉಳಿದ 119 ಕ್ರೆಡಿಟ್‌ಗಳಲ್ಲಿ ಅದು ಬೆಳೆಯುತ್ತದೆ ಎಂಬ ಊಹೆ ಹಿಂದಿದೆ. ಆ ಊಹೆ ನಿಜವಾಗಬೇಕಾದರೆ, ಆ 119 ಕ್ರೆಡಿಟ್ ಕಲಿಸುವವರಿಗೆ ಇಲ್ಲೊಂದು ಬೀಜ ಬಿದ್ದಿದೆ ಅಂತ ಗೊತ್ತಿರಬೇಕು, ಅಲ್ವಾ? ಬಹಳ ಕಡೆ ಗೊತ್ತಿರುವುದಿಲ್ಲ.

ಎರಡು ಮಾರ್ಜಿನ್‌ಗಳು

ಇದು ತರಗತಿಯಲ್ಲಿ ಹೇಗೆ ಕಾಣುತ್ತದೆ ಎಂದು ಹತ್ತಿರದಿಂದ ನೋಡೋಣ. ಸೆಮಿನಾರ್‌ನ ವಿಷಯ ನದಿ ಮಾಲಿನ್ಯ ಅಂದುಕೊಳ್ಳಿ. ವಿದ್ಯಾರ್ಥಿನಿಯ ಮುಂದೆ ಎರಡು ಬರಹ ಇವೆ. ಒಂದು ಕಾರ್ಖಾನೆಯ ವರದಿ, ಇನ್ನೊಂದು ವಿಜ್ಞಾನಿಗಳ ಲೇಖನ. ಎರಡೂ ಒಂದೇ ನದಿಯ ಬಗ್ಗೆ, ಆದರೆ ಹೇಳುವುದು ಬೇರೆ ಬೇರೆ. ಅವಳು ಮೊದಲ ಕರಡಿನಲ್ಲಿ ಎರಡನ್ನೂ ಸಂಕ್ಷೇಪ ಮಾಡಿ ಬಿಡುತ್ತಾಳೆ. ಮೇಷ್ಟ್ರು ಮಾರ್ಜಿನ್‌ನಲ್ಲಿ ಬರೆಯುತ್ತಾರೆ: ‘ಇಬ್ಬರ ಅಂಕಿ ಯಾಕೆ ಬೇರೆ? ನೀರನ್ನು ಎಲ್ಲಿಂದ, ಯಾವ ತಿಂಗಳು ತೆಗೆದರು?’ ಅವಳು ಮತ್ತೆ ಹೋಗಿ ನೋಡುತ್ತಾಳೆ. ಒಬ್ಬರು ಮಳೆಗಾಲದಲ್ಲಿ ತೆಗೆದಿದ್ದಾರೆ, ಇನ್ನೊಬ್ಬರು ಬೇಸಿಗೆಯಲ್ಲಿ. ಮೂರನೇ ಕರಡಿನ ಹೊತ್ತಿಗೆ ಅವಳ ಬರಹಕ್ಕೆ ಬೆನ್ನೆಲುಬು ಬಂದಿರುತ್ತದೆ. ಅಂಕಿ ಎಲ್ಲಿಂದ ಬಂತು ಎಂದು ಕೇಳುವುದನ್ನು ಅವಳು ಕಲಿತಿದ್ದಾಳೆ.

ಮುಂದಿನ ಸೆಮಿಸ್ಟರ್. ಜೀವಶಾಸ್ತ್ರದ ಲ್ಯಾಬ್ ರಿಪೋರ್ಟ್. ಕೊನೆಯಲ್ಲಿ ‘ಡಿಸ್ಕಶನ್’ ಎಂಬ ಭಾಗ. ಅವಳ ಗುಂಪಿನ ಫಲಿತಾಂಶ ಪಕ್ಕದ ಗುಂಪಿನದಕ್ಕಿಂತ ಬೇರೆ ಬಂದಿದೆ. ಅವಳು ಎರಡೇ ಸಾಲು ಬರೆಯುತ್ತಾಳೆ: ಪ್ರಯೋಗ ಸರಿಯಾಗಿ ಆಯಿತು, ಸಣ್ಣಪುಟ್ಟ ತಪ್ಪು ಆಗಿರಬಹುದು. ಲ್ಯಾಬ್ ಮೇಷ್ಟ್ರು ಮಾರ್ಜಿನ್‌ನಲ್ಲಿ ಬರೆಯುತ್ತಾರೆ: ‘ಇನ್ನಷ್ಟು ವಿವರಿಸು.’

ಅವಳಿಗೆ ಬೇಕಾದದ್ದು ಅವಳ ಬಳಿಯೇ ಇದೆ. ಇಬ್ಬರ ಅಂಕಿ ಯಾಕೆ ಬೇರೆ ಎಂಬ ಅದೇ ಪ್ರಶ್ನೆ. ಆದರೆ ಇದು ಅದೇ ಪ್ರಶ್ನೆ ಅಂತ ಅವಳಿಗೆ ಹೊಳೆಯುವುದಿಲ್ಲ. ಸೆಮಿನಾರ್‌ನಲ್ಲಿ ಅದನ್ನು ‘ಆಧಾರಗಳ ಹೋಲಿಕೆ’ ಅಂದಿದ್ದರು. ಜೀವಶಾಸ್ತ್ರದಲ್ಲಿ ‘ಡಿಸ್ಕಶನ್’ ಅನ್ನುತ್ತಾರೆ. ಇತಿಹಾಸ ವಿಭಾಗಕ್ಕೆ ಹೋದರೆ ‘ಆಕರ ವಿಮರ್ಶೆ’, ಅರ್ಥಶಾಸ್ತ್ರದಲ್ಲಿ ‘ಡೇಟಾ ಎಷ್ಟು ನಂಬಬಹುದು’. ಒಂದೇ ಕೆಲಸಕ್ಕೆ ನಾಲ್ಕು ಹೆಸರು. ಒಂದೊಂದು ಬಾಗಿಲಲ್ಲೂ ವಿದ್ಯಾರ್ಥಿ ಹೊಸಬಳಾಗಿ ನಿಲ್ಲುತ್ತಾಳೆ.

ಕಲಿಕೆಯ ಸಂಶೋಧಕರಿಗೆ ಇದು ಹಳೆಯ ಸಂಗತಿ. ಡೇವಿಡ್ ಪರ್ಕಿನ್ಸ್ ಮತ್ತು ಗವ್ರಿಯೆಲ್ ಸಾಲೊಮನ್ 1988ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ದಾಟುವುದರಲ್ಲಿ ಎರಡು ಬಗೆ. ಎರಡು ಸಂದರ್ಭ ಒಂದೇ ಥರ ಕಂಡರೆ ಕಲಿತದ್ದು ತಾನಾಗಿಯೇ ದಾಟುತ್ತದೆ. ಕಾರು ಓಡಿಸಿ ಗೊತ್ತಿದ್ದವರು ಬಾಡಿಗೆ ಟ್ರಕ್ಕನ್ನೂ ಹೇಗೋ ಓಡಿಸುತ್ತಾರೆ. ಸಂದರ್ಭಗಳು ಬೇರೆ ಬೇರೆ ಥರ ಕಂಡರೆ ಯಾರಾದರೂ ಬೇಕೆಂದೇ ಸೇತುವೆ ಹಾಕಬೇಕು. ‘ಅಲ್ಲಿ ಮಾಡಿದೆಯಲ್ಲ, ಇದೂ ಅದೇ’ ಎಂದು ಹೇಳಬೇಕು. ಸೆಮಿನಾರ್‌ನಿಂದ ಲ್ಯಾಬ್‌ಗೆ ದಾಟುವುದು ಈ ಎರಡನೇ ಬಗೆ.

ಇಲ್ಲೊಂದು ಸೂಕ್ಷ್ಮ ಇದೆ. ಸೇತುವೆಯ ಈಚೆ ತುದಿ ಮಾತ್ರ ಸೆಮಿನಾರ್ ಮೇಷ್ಟ್ರ ಕೈಯಲ್ಲಿದೆ. ‘ಇದು ಮುಂದೆ ನಿಮಗೆ ಉಪಯೋಗಕ್ಕೆ ಬರುತ್ತದೆ’ ಎಂದು ಅವರು ಎಷ್ಟು ಹೇಳಿದರೂ ಹದಿನೆಂಟರ ಕಿವಿಗೆ ಅದು ಸುಮ್ನೆ ಬುದ್ಧಿಮಾತು. ಆಚೆ ತುದಿಯಲ್ಲಿ ಲ್ಯಾಬ್ ಮೇಷ್ಟ್ರು ‘ಸೆಮಿನಾರ್‌ನಲ್ಲಿ ಎರಡು ವರದಿ ಹೋಲಿಸಿದ್ದೀರಲ್ಲ, ಡಿಸ್ಕಶನ್ ಅಂದರೆ ಅದೇ’ ಎಂದು ಒಂದು ಸಾಲು ಹೇಳಿದರೆ ಕೆಲಸ ಆಗುತ್ತದೆ. ಆ ಒಂದು ಸಾಲು ಹೇಳಲು ಅವರಿಗೆ ಸೆಮಿನಾರ್‌ನಲ್ಲಿ ಏನಾಯಿತು ಅಂತ ಗೊತ್ತಿರಬೇಕು.

ಗೊತ್ತಿಲ್ಲದಿರುವುದು ಅವರ ಸೋಮಾರಿತನದಿಂದಲ್ಲ. ಸೆಮಿನಾರ್ ಕಲಿಸುವವರು ಎಷ್ಟೋ ಕಡೆ ವಿದ್ಯಾರ್ಥಿ ಕಲ್ಯಾಣ ವಿಭಾಗದವರು, ಇಲ್ಲವೇ ಕೋರ್ಸ್ ಲೆಕ್ಕದಲ್ಲಿ ಸಂಬಳ ಪಡೆಯುವ ತಾತ್ಕಾಲಿಕ ಉಪನ್ಯಾಸಕರು. ಲ್ಯಾಬ್ ಮೇಷ್ಟ್ರು ಜೀವಶಾಸ್ತ್ರ ವಿಭಾಗದವರು. ಇಬ್ಬರ ಮೇಲಧಿಕಾರಿ ಬೇರೆ, ಬಜೆಟ್ ಬೇರೆ, ಮೀಟಿಂಗ್ ಬೇರೆ. ಎತ್ತು ಏರಿಗೆ, ಕೋಣ ನೀರಿಗೆ.

ಸಂಶೋಧನೆ ಏನನ್ನುತ್ತದೆ?

2008ರಲ್ಲಿ ಜಾರ್ಜ್ ಕೂ ಎಂಬ ಶಿಕ್ಷಣ ತಜ್ಞರು, ವಿದ್ಯಾರ್ಥಿಗಳ ಮೇಲೆ ಹೆಚ್ಚು ಪರಿಣಾಮ ಬೀರುವ ಹತ್ತು ಪದ್ಧತಿಗಳ ಪಟ್ಟಿಯನ್ನು ಮುಂದಿಟ್ಟರು. ಅದರಲ್ಲಿ ಮೊದಲ ಹೆಸರೇ ಮೊದಲ ವರ್ಷದ ಸೆಮಿನಾರ್. ಜೊತೆಗೆ ಇಂಟರ್ನ್‌ಶಿಪ್, ಸಂಶೋಧನೆ, ಕೊನೆ ವರ್ಷದ ಪ್ರಾಜೆಕ್ಟ್ ಮೊದಲಾದವು. ಇವನ್ನು ಚೆನ್ನಾಗಿ ಮಾಡಿದರೆ ಮಾತ್ರ ಫಲ ಎಂಬ ಷರತ್ತೂ ಇತ್ತು. ಆದರೆ ಪಟ್ಟಿ ಅಂದಮೇಲೆ ಗೊತ್ತಲ್ಲ, ಟಿಕ್ ಹಾಕುವ ಆಸೆ ಹುಟ್ಟುತ್ತದೆ. ಸೆಮಿನಾರ್ ಇದೆಯಾ? ಇದೆ. ಟಿಕ್.

ಎಂಟು ವರ್ಷದ ನಂತರ ತಣ್ಣೀರು ಬಿತ್ತು. 2016ರಲ್ಲಿ ವಾಹೆ ಪೆರ್ಮ್‌ಜಾಡಿಯನ್ ಮತ್ತು ಮಾರ್ಕಸ್ ಕ್ರೆಡೆ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಅಳೆದರು. ಮೊದಲ ವರ್ಷದ ಅಂಕಗಳ ಮೇಲೆ ಸೆಮಿನಾರ್‌ನ ಪರಿಣಾಮ 0.02. ಎರಡನೇ ವರ್ಷಕ್ಕೆ ಮರಳಿ ಬರುವವರ ಮೇಲೆ 0.11. ಈ ಅಳತೆಯಲ್ಲಿ 0.2 ಬಂದರೆ ‘ಚಿಕ್ಕ ಪರಿಣಾಮ’ ಅನ್ನುವುದು ರೂಢಿ. ಅಂದರೆ ಇವು ಚಿಕ್ಕದಕ್ಕಿಂತಲೂ ಚಿಕ್ಕವು. ಅಂಕಗಳ ವಿಷಯದಲ್ಲಂತೂ ಸೊನ್ನೆ ಅಂದರೂ ತಪ್ಪಿಲ್ಲ. ಆದರೆ ಇದು ಸರಾಸರಿ. ಯಾವ ಬಗೆಯ ಸೆಮಿನಾರ್, ಎಂಥ ಕಾಲೇಜು ಅನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತಿತ್ತು ಎಂಬುದನ್ನೂ ಅವರು ಕಂಡರು.

ಇಲ್ಲಿ ಎರಡು ಬಣ ಎರಡು ಥರ ಓದುತ್ತವೆ. ಕತ್ತರಿ ಹಿಡಿದವರು, ನೋಡಿ, ಇದರಿಂದ ಏನೂ ಆಗಿಲ್ಲ ಅನ್ನುತ್ತಾರೆ. ಸೆಮಿನಾರ್ ಪರ ಇರುವವರು, ಸರಿಯಾಗಿ ಮಾಡಿಲ್ಲ, ಅದಕ್ಕೇ ಆಗಿಲ್ಲ ಅನ್ನುತ್ತಾರೆ. ಎರಡನೆಯದು ಸ್ವಲ್ಪ ಜಾಣ ವಾದ. ಸೋತಾಗಲೆಲ್ಲ ‘ಸರಿಯಾಗಿ ಮಾಡಿಲ್ಲ’ ಎಂದು ಯಾವುದನ್ನೂ ಸಮರ್ಥಿಸಬಹುದು. ಆದ್ದರಿಂದ ಉಳಿದ ಪಾಠಗಳ ಜೊತೆ ಬೆಸೆದಾಗ ಏನಾಯಿತು ಎಂಬುದಕ್ಕೆ ಬೇರೆ ಪುರಾವೆ ಬೇಕು.

ಅಂಥದ್ದೊಂದು ಇದೆ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಕಿಂಗ್ಸ್‌ಬರೊ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. 2003ರಿಂದ 2005ರವರೆಗೆ ಅಲ್ಲಿ ಸುಮಾರು 1,500 ಹೊಸ ವಿದ್ಯಾರ್ಥಿಗಳನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಕಾಲೇಜು. ಇನ್ನೊಂದು ಗುಂಪಿನವರು ಹೆಚ್ಚೆಂದರೆ 25 ಜನರ ತಂಡವಾಗಿ ಮೂರು ಕೋರ್ಸ್ ಜೊತೆಯಾಗಿ ಓದಿದರು. ಒಂದು ಇಂಗ್ಲಿಷ್, ಒಂದು ಮನಶ್ಶಾಸ್ತ್ರದಂಥ ಮಾಮೂಲಿ ವಿಷಯ, ಇನ್ನೊಂದು ಕಾಲೇಜು ಪರಿಚಯದ ಸೆಮಿನಾರ್. ಮೂರನ್ನೂ ಕಲಿಸುವವರು ಭೇಟಿಯಾಗಿ ಪಾಠ ಹೊಂದಿಸಿಕೊಳ್ಳಬೇಕೆಂಬ ನಿರೀಕ್ಷೆ ಇತ್ತು. ಹೆಚ್ಚುವರಿ ಟ್ಯೂಟರಿಂಗ್ ಇತ್ತು, ಪುಸ್ತಕ ಕೊಳ್ಳಲು ವೋಚರ್ ಇತ್ತು. ಇದೆಲ್ಲ ನಡೆದದ್ದು ಒಂದೇ ಸೆಮಿಸ್ಟರ್.

ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಆರು ವರ್ಷ ಆದ ಮೇಲೆ ನೋಡಿದಾಗ ತಂಡವಾಗಿ ಓದಿದವರಲ್ಲಿ ಪದವಿ ಪಡೆದವರು ಶೇ 35.9. ಎಂದಿನಂತೆ ಓದಿದವರಲ್ಲಿ ಶೇ 31.3. ನೂರಕ್ಕೆ ನಾಲ್ಕೂವರೆಯಷ್ಟು ಜಾಸ್ತಿ. ಒಂದು ಸೆಮಿಸ್ಟರ್‌ನ ಖರ್ಚಿಗೆ ಇದು ಸಣ್ಣ ಫಲ ಅಲ್ಲ.

ಹಾಗಂತ ಜೋಡಿಸಿದರೆ ಸಾಕು ಎಂದು ಹೊರಟರೆ ಮತ್ತೊಂದು ತಣ್ಣೀರು ಕಾದಿದೆ. ಅದೇ ಸಂಸ್ಥೆ ಆಮೇಲೆ ಆರು ಕಮ್ಯುನಿಟಿ ಕಾಲೇಜುಗಳಲ್ಲಿ ಜೋಡಿ ಕೋರ್ಸ್‌ಗಳನ್ನು ಪರೀಕ್ಷಿಸಿತು. ಆಯ್ದ ವಿಷಯದಲ್ಲಿ ಸರಾಸರಿ ಅರ್ಧ ಕ್ರೆಡಿಟ್‌ನಷ್ಟು ಲಾಭ ಕಂಡಿತು, ಕಾಲೇಜಿನಲ್ಲಿ ಉಳಿಯುವವರ ಸಂಖ್ಯೆ ಬದಲಾಗಲಿಲ್ಲ. ಕಿಂಗ್ಸ್‌ಬರೊದ ಗೆಲುವಿನಲ್ಲಿ ವೋಚರ್‌ನ ಪಾಲೆಷ್ಟು, ಟ್ಯೂಟರ್ ಪಾಲೆಷ್ಟು, ಜೋಡಣೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಆದರೂ ಒಂದು ಮಾತು ಹೇಳಬಹುದು. ವೇಳಾಪಟ್ಟಿಯಲ್ಲಿ ಎರಡು ಕೋರ್ಸ್‌ಗಳನ್ನು ಪಕ್ಕಪಕ್ಕ ಇಡುವುದು ಕಂಪ್ಯೂಟರ್ ಮಾಡುವ ಕೆಲಸ. ಒಂದರ ಪ್ರಶ್ನೆ ಇನ್ನೊಂದರಲ್ಲಿ ಮರಳಿ ಬರುವಂತೆ ಮಾಡುವುದು ಮನುಷ್ಯರ ಕೆಲಸ. ಮೊದಲನೆಯದು ಅಗ್ಗ. ಅದಕ್ಕೇ ಅದು ಎಲ್ಲೆಡೆ ಇದೆ.

ನಾಲ್ಕು ವರ್ಷದ ದಾರ

ಸೆಮಿನಾರ್‌ನ ಪಕ್ಕಕ್ಕೆ ಇನ್ನೊಂದು ಕೋರ್ಸ್ ಇಡುವುದು ಒಂದು ದಾರಿ. ಅದನ್ನು ಮೇಲಕ್ಕೆ ಏಣಿಯಂತೆ ಬೆಳೆಸುವುದು ಇನ್ನೊಂದು. ಇದಕ್ಕೆ ಹೆಸರುವಾಸಿ ಒರೆಗಾನ್‌ನ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯ. 1994ರಲ್ಲಿ ಅದು ಹಳೆಯ ಸಾಮಾನ್ಯ ಶಿಕ್ಷಣದ ಪಟ್ಟಿಯನ್ನು ಕೈಬಿಟ್ಟು ‘ಯೂನಿವರ್ಸಿಟಿ ಸ್ಟಡೀಸ್’ ಎಂಬ ವ್ಯವಸ್ಥೆ ತಂದಿತು. ಮೊದಲ ವರ್ಷ ಇಡೀ ಒಂದು ವಿಷಯದ ಸುತ್ತ 15 ಕ್ರೆಡಿಟ್. ಎರಡನೇ ವರ್ಷ 12. ಮೇಲಿನ ತರಗತಿಯಲ್ಲಿ ಒಂದೇ ಗುಚ್ಛದಿಂದ ಆಯ್ದ 12. ಕೊನೆಯಲ್ಲಿ ಊರಿನ ಸಂಸ್ಥೆಗಳ ಜೊತೆ ಸೇರಿ ಮಾಡುವ 6 ಕ್ರೆಡಿಟ್‌ನ ಪ್ರಾಜೆಕ್ಟ್. ಒಟ್ಟು 45. ಅಲ್ಲಿ ವರ್ಷಕ್ಕೆ ಮೂರು ಅವಧಿಗಳ ಪದ್ಧತಿ ಇರುವುದರಿಂದ ಪದವಿಗೆ 180 ಕ್ರೆಡಿಟ್ ಬೇಕು. ಅಂದರೆ ಓದಿನ ಕಾಲು ಭಾಗ ಈ ಒಂದೇ ದಾರದಲ್ಲಿ ಪೋಣಿಸಿದ್ದು. ವಿಮರ್ಶೆ ಮಾಡುವುದು, ಸಂವಹನ, ಜನರ ವೈವಿಧ್ಯ, ಸಾಮಾಜಿಕ ಹೊಣೆ ಎಂಬ ನಾಲ್ಕು ಗುರಿಗಳು ಮೊದಲ ವರ್ಷದಿಂದ ಕೊನೆಯವರೆಗೂ ಅವೇ. ಹಿರಿಯ ವಿದ್ಯಾರ್ಥಿಗಳೇ ಕಿರಿಯರಿಗೆ ಮಾರ್ಗದರ್ಶಕರು. ಶೇ 1 ಎಲ್ಲಿ, ಶೇ 25 ಎಲ್ಲಿ?

ಆದರೆ ಇಂಥ ಏಣಿಗೂ ಒಂದು ತೊಡಕಿದೆ. ಅಮೆರಿಕದಲ್ಲಿ ಬಹಳ ಜನ ಒಂದು ಕಾಲೇಜಿನಲ್ಲಿ ಶುರು ಮಾಡಿ ಇನ್ನೊಂದರಲ್ಲಿ ಮುಗಿಸುತ್ತಾರೆ. ಎರಡು ವರ್ಷ ಕಮ್ಯುನಿಟಿ ಕಾಲೇಜು, ಆಮೇಲೆ ವಿಶ್ವವಿದ್ಯಾಲಯ. ಅವರು ಏಣಿಯ ಮೂರನೇ ಮೆಟ್ಟಿಲಲ್ಲಿ ಬಂದು ನಿಲ್ಲುತ್ತಾರೆ. ಮೊದಲ ಮೆಟ್ಟಿಲು ಎಷ್ಟು ಗಟ್ಟಿಯಾಗಿ ಮೇಲಿನದಕ್ಕೆ ಜೋಡಿಸಿದ್ದೀರೋ ಅಷ್ಟೇ ಇವರಿಗೆ ತೊಂದರೆ. ಜೊತೆಗೆ, ಒಂದು ಕಾಲೇಜಿನ ಸೆಮಿನಾರ್‌ಗೆ ಇನ್ನೊಂದರಲ್ಲಿ ಸರಿಸಮ ಕೋರ್ಸ್ ಇರುವುದಿಲ್ಲ. ಕಷ್ಟಪಟ್ಟು ಪಡೆದ ಕ್ರೆಡಿಟ್ ‘ಇತರೆ’ ಎಂಬ ಖಾನೆಗೆ ಬೀಳುತ್ತದೆ.

ಸ್ಟ್ಯಾನ್‌ಫರ್ಡ್‌ನದು ಇನ್ನೊಂದು ಬಗೆಯ ಪಾಠ. ಅಲ್ಲಿ ಹೊಸಬರೆಲ್ಲರೂ ಓದಬೇಕಾದ ಕೋರ್ಸ್‌ಗೆ 1980ರಲ್ಲಿ ‘ವೆಸ್ಟರ್ನ್ ಕಲ್ಚರ್’ ಎಂದು ಹೆಸರಿತ್ತು. ಆ ದಶಕದ ಕೊನೆಗೆ, ದೇಶವೇ ತಿರುಗಿ ನೋಡಿದ ಜಗಳದ ನಂತರ, ಅದು ‘ಸಿಐವಿ’ (ಕಲ್ಚರ್ಸ್, ಐಡಿಯಾಸ್, ವ್ಯಾಲ್ಯೂಸ್) ಆಯಿತು. 1997ರಲ್ಲಿ ‘ಐಹಮ್’ (ಇಂಟ್ರೊಡಕ್ಷನ್ ಟು ದಿ ಹ್ಯುಮ್ಯಾನಿಟೀಸ್), 2012ರಲ್ಲಿ ‘ಥಿಂಕಿಂಗ್ ಮ್ಯಾಟರ್ಸ್’, 2021ರಲ್ಲಿ ‘ಕಾಲೇಜ್’ (ಸಿವಿಕ್, ಲಿಬರಲ್ ಅಂಡ್ ಗ್ಲೋಬಲ್ ಎಜುಕೇಶನ್ ಎಂಬುದರ ಚುಟುಕು ಹೆಸರು). ನಲವತ್ತು ಚಿಲ್ಲರೆ ವರ್ಷದಲ್ಲಿ ಐದು ಹೆಸರು. ಪ್ರತಿ ಸಲವೂ ಬಿಸಿ ಏರಿದ್ದು ಮೊದಲ ವರ್ಷ ಏನು ಓದಬೇಕು, ಯಾವ ಪುಸ್ತಕ ಇರಬೇಕು ಎಂಬುದರ ಮೇಲೆ. ಅದನ್ನು ಓದಿದ ವಿದ್ಯಾರ್ಥಿಯಿಂದ ಎರಡನೇ ವರ್ಷದ ಮೇಷ್ಟ್ರು ಏನು ಕೇಳಬೇಕು ಎಂಬುದಕ್ಕೆ ಪತ್ರಿಕೆಯ ಮುಖಪುಟದಲ್ಲಿ ಜಾಗ ಸಿಗುವುದಿಲ್ಲ. ಜಗಳಕ್ಕೆ ರುಚಿ ಇರುವುದು ಪುಸ್ತಕದ ಪಟ್ಟಿಯಲ್ಲಿ.

ಬೆಸೆಯಬೇಡಿ ಅನ್ನುವವರು

ಜೋಡಣೆ ಬೇಡ ಅನ್ನುವವರನ್ನು ಹಳೇ ಕಾಲದವರೆಂದು ತಳ್ಳಿಹಾಕುವಂತಿಲ್ಲ. ಅವರಲ್ಲಿ ಗಟ್ಟಿ ವಾದ ಹಾರ್ವರ್ಡ್ ಮಾದರಿಯ ಕಡೆಯಿಂದ ಬರುತ್ತದೆ. ಅಲ್ಲಿ ಈ ಸೆಮಿನಾರ್ ಐಚ್ಛಿಕ. ಲೆಟರ್ ಗ್ರೇಡ್ ಇಲ್ಲ. ತೃಪ್ತಿಕರ, ಅಲ್ಲ ಎಂದಷ್ಟೇ ಬರೆಯುತ್ತಾರೆ. ಮುಂದಿನ ಯಾವ ಕೋರ್ಸ್‌ಗೂ ಮೆಟ್ಟಿಲಾಗಬೇಕೆಂಬ ಹೊರೆ ಅದರ ಮೇಲಿಲ್ಲ. ಭೌತಶಾಸ್ತ್ರ ಓದಲು ಬಂದವರು ಒಂದು ಸೆಮಿಸ್ಟರ್ ಬೈಜಾಂಟಿಯಂ ಎಂಬ ಹಳೆಯ ಸಾಮ್ರಾಜ್ಯದ ಬಗ್ಗೆ ಓದಿ ಬಿಡಬಹುದು. ಅಂಕದ ಭಯವಿಲ್ಲದೆ, ಮುಂದೆ ಯಾವುದಕ್ಕೆ ಬೇಕು ಎಂಬ ಯೋಚನೆಯಿಲ್ಲದೆ ಓದುವ ಅವಕಾಶ ನಾಲ್ಕು ವರ್ಷದಲ್ಲಿ ಇದೊಂದೇ ಇರಬಹುದು. ಇದನ್ನೂ ಪಠ್ಯಕ್ರಮದ ಸರಪಳಿಗೆ ಕಟ್ಟಿದರೆ ಇದರ ಜೀವವೇ ಹೋಗುತ್ತದೆ ಎಂಬುದು ಅವರ ಮಾತು.

ಮಾತು ನಿಜ. ಆದರೆ ಆ ಮಾತು ಹೇಳಲು ಶಕ್ತಿ ಬೇಕು. ಹಾರ್ವರ್ಡ್ ವಿದ್ಯಾರ್ಥಿ ಕಾಲೇಜು ಬಿಟ್ಟು ಹೋಗುವುದು ಅಪರೂಪ. ಕಿಂಗ್ಸ್‌ಬರೊದಲ್ಲಿ ಆರು ವರ್ಷವಾದರೂ ಮೂರರಲ್ಲಿ ಎರಡು ಪಾಲು ಜನ ಪದವಿ ಮುಟ್ಟಿರಲಿಲ್ಲ. ಹೊಟ್ಟೆ ತುಂಬಿದವರ ಸೆಮಿನಾರ್ ಮತ್ತು ಹಸಿದವರ ಸೆಮಿನಾರ್ ಒಂದೇ ಆಗಬೇಕಿಲ್ಲ.

ಎರಡನೇ ಆಕ್ಷೇಪ ಎಂಜಿನಿಯರಿಂಗ್, ನರ್ಸಿಂಗ್‌ನಂಥ ವಿಭಾಗಗಳದ್ದು. ಅಲ್ಲಿ ಮಾನ್ಯತೆ ಕೊಡುವ ಸಂಸ್ಥೆಗಳ ನಿಯಮ ಬಿಗಿ. ಮೊದಲ ಸೆಮಿಸ್ಟರ್‌ನಲ್ಲಿ ಕ್ಯಾಲ್ಕುಲಸ್ ತಪ್ಪಿದರೆ ಮುಂದಿನ ಸರಣಿಯೇ ಹಿಂದೆ ಬೀಳುತ್ತದೆ. ಇದಕ್ಕೆ ಆ ವಿಭಾಗದವರೇ ತಮ್ಮ ಪಾಠದೊಳಗೆ ಸೆಮಿನಾರ್ ಹೊಲಿದುಕೊಳ್ಳುವುದು ಪರಿಹಾರ, ಕೆಲವು ಕಡೆ ಹಾಗೇ ಮಾಡುತ್ತಾರೆ.

ಮೂರನೆಯದು ಸ್ವಾತಂತ್ರ್ಯದ ಪ್ರಶ್ನೆ. ಒಂದು ದೊಡ್ಡ ಕಾಲೇಜಿನಲ್ಲಿ ನಲವತ್ತು ಸೆಮಿನಾರ್ ಇದ್ದರೆ ನಲವತ್ತು ವಿಷಯ. ಒಂದರಲ್ಲಿ ಕಪ್ಪುಕುಳಿ, ಒಂದರಲ್ಲಿ ಜಾನಪದ. ಎರಡನೇ ವರ್ಷದ ಮೇಷ್ಟ್ರು ‘ನೀವೆಲ್ಲ ಇದನ್ನು ಓದಿದ್ದೀರಿ’ ಅನ್ನುವ ಹಾಗೇ ಇಲ್ಲ. ಎಲ್ಲರಿಗೂ ಒಂದೇ ಪಠ್ಯ ಕೊಟ್ಟರೆ ಈ ತೊಂದರೆ ತಪ್ಪುತ್ತದೆ, ಆದರೆ ತಮಗಿಷ್ಟದ ವಿಷಯ ಕಲಿಸುವ ಹುರುಪಿಗಾಗಿಯೇ ಬಂದ ಮೇಷ್ಟ್ರು ಕೈಬಿಡುತ್ತಾರೆ. ನಡುದಾರಿ ಒಂದಿದೆ. ವಿಷಯ ನಲವತ್ತಿರಲಿ, ಒಂದು ಅಸೈನ್‌ಮೆಂಟ್ ಮಾತ್ರ ಎಲ್ಲ ಕಡೆ ಒಂದೇ ಇರಲಿ. ಎರಡು ಆಧಾರಗಳನ್ನು ಹೋಲಿಸಿ ಯಾವುದನ್ನು ಯಾಕೆ ನಂಬುತ್ತೀರಿ ಎಂದು ಬರೆಯುವಂಥದ್ದು. ಆಗ ಎರಡನೇ ವರ್ಷದವರಿಗೆ ಹಿಡಿಯಲು ಒಂದು ಹಿಡಿಕೆ ಸಿಗುತ್ತದೆ. ನಲವತ್ತು ಸಿಲಬಸ್ ಓದಬೇಕಿಲ್ಲ, ಒಂದು ಪುಟ ಓದಿದರೆ ಸಾಕು.

ಇನ್ನು ವಿದ್ಯಾರ್ಥಿಗಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬುದು ಅವರ ನಿಲುವು. ಸೆಮಿನಾರ್ ಮುಗಿಯಿತು, ಟಿಕ್ ಬಿತ್ತು, ಮುಂದೆ ನಡಿ. ಅವರನ್ನು ದೂರುವುದು ತಪ್ಪು. ಕಾಲೇಜೂ ಅದೇ ರೀತಿ ಟಿಕ್ ಹಾಕುತ್ತಿದೆಯಲ್ಲ!

ಮುಂದೆ ಏನಾಗಬಹುದು?

ಈಗ ಎರಡು ಒತ್ತಡ ಒಟ್ಟಿಗೆ ಬಂದಿವೆ. ಮೊದಲನೆಯದು ಜನಸಂಖ್ಯೆಯದು. ಅಮೆರಿಕದಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯಿತು. ಆ ವರ್ಷ ಹುಟ್ಟಿದವರಿಗೆ 2025ರಲ್ಲಿ ಹದಿನೆಂಟು ತುಂಬಿತು. ಇನ್ನು ಮೇಲೆ ಕಾಲೇಜು ಬಾಗಿಲಿಗೆ ಬರುವವರೇ ಕಡಿಮೆ. ಹೊಸಬರು ಸಿಗದಿದ್ದರೆ ಇದ್ದವರನ್ನಾದರೂ ಉಳಿಸಿಕೊಳ್ಳಬೇಕು. ಆದ್ದರಿಂದ ಆಡಳಿತದವರಿಗೆ ಸೆಮಿನಾರ್ ಮೇಲೆ ಪ್ರೀತಿ ಹೆಚ್ಚಾಗುತ್ತದೆ. ಆದರೆ ಅವರಿಗೆ ಪ್ರಿಯವಾದದ್ದು ‘ಇಲ್ಲೇ ಇರು’ ಅನ್ನುವ ಸೆಮಿನಾರ್. ಅಗ್ಗದ್ದು, ಒಂದು ಕ್ರೆಡಿಟ್‌ನದು, ವಿಭಾಗಗಳ ಗೊಡವೆ ಇಲ್ಲದ್ದು. 0.11ಕ್ಕೂ ಈಗ ಬೆಲೆ ಬಂದಿದೆ. ಸಾವಿರಾರು ವಿದ್ಯಾರ್ಥಿಗಳಿರುವ ಕಡೆ ಅಷ್ಟು ಚಿಕ್ಕ ಪರಿಣಾಮವೂ ಕೆಲವು ಹತ್ತು ಜನರ ಫೀಸು.

ಎರಡನೆಯದು ಕಾಯ್ದೆಗಳ ಒತ್ತಡ. ಆಡಳಿತ ಮಂಡಳಿ ಪಟ್ಟಿ ಹಿಡಿದು ಕೂತಾಗ ಒಂದೊಂದು ಕೋರ್ಸ್‌ಗೂ ಅದೇ ಪ್ರಶ್ನೆ: ಇದನ್ನು ತೆಗೆದರೆ ಏನು ಕೆಡುತ್ತದೆ? ಕ್ಯಾಲ್ಕುಲಸ್ ತೆಗೆದರೆ ಎಂಜಿನಿಯರಿಂಗ್ ವಿಭಾಗ ಎದ್ದು ನಿಲ್ಲುತ್ತದೆ. ರಸಾಯನಶಾಸ್ತ್ರ ತೆಗೆದರೆ ನರ್ಸಿಂಗ್‌ನವರು ಬಿಡುವುದಿಲ್ಲ. ಸೆಮಿನಾರ್ ತೆಗೆದರೆ? ಅದನ್ನು ಕಲಿಸುವವರನ್ನು ಬಿಟ್ಟರೆ ಮಾತಾಡುವವರು ಯಾರೂ ಇಲ್ಲ, ಯಾಕೆಂದರೆ ಅದರ ಮೇಲೆ ಯಾವ ಕೋರ್ಸೂ ನಿಂತಿಲ್ಲ. ನಂಟಿಲ್ಲದ ಕೋರ್ಸ್‌ಗೆ ವಾರಸುದಾರರಿಲ್ಲ. ಉಳಿದ ಪಾಠಗಳ ಜೊತೆ ಬೆಸೆಯುವುದು ಕಲಿಕೆಯ ಪ್ರಶ್ನೆ ಎಂದುಕೊಂಡಿದ್ದವರಿಗೆ ಈಗ ಅದು ಉಳಿವಿನ ಪ್ರಶ್ನೆಯೂ ಆಗಿದೆ.

ಈ ಎರಡು ಒತ್ತಡದ ನಡುವೆ ಸೆಮಿನಾರ್ ಹೆಸರು ಉಳಿದು ಒಳಗಿನದು ಸೊರಗುವ ಸಾಧ್ಯತೆಯೇ ಜಾಸ್ತಿ ಎಂದು ಕಾಣುತ್ತದೆ. ಮೂರು ಕ್ರೆಡಿಟ್ ಒಂದಾಗಬಹುದು. ಅರ್ಧ ಪಾಠ ಆನ್‌ಲೈನ್ ವಿಡಿಯೊ ಆಗಬಹುದು. ಕೆಲವು ರಾಜ್ಯಗಳಲ್ಲಿ ಕಡ್ಡಾಯವಾದ ನಾಗರಿಕ ಶಿಕ್ಷಣವನ್ನೇ ಸೆಮಿನಾರ್ ಜಾಗಕ್ಕೆ ತಂದು ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯಬಹುದು. ಅದು ಕೆಟ್ಟದ್ದೇ ಆಗಬೇಕಿಲ್ಲ. ಸಂವಿಧಾನದ ಒಂದು ವಿಧಿಯನ್ನು ಇಬ್ಬರು ನ್ಯಾಯಾಧೀಶರು ಬೇರೆ ಬೇರೆ ಥರ ಯಾಕೆ ಓದಿದರು ಅನ್ನುವುದೂ ನದಿ ನೀರಿನ ಪ್ರಶ್ನೆಯ ಸೋದರನೇ. ಆದರೆ ಮಾರನೇ ವರ್ಷ ಅದನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬ ಪ್ರಶ್ನೆ ಅಲ್ಲೂ ಹಾಗೇ ಇರುತ್ತದೆ.

ಒಂದು ಕಾಲೇಜು ತನ್ನ ಸೆಮಿನಾರ್ ಬಗ್ಗೆ ಎಷ್ಟು ಗಂಭೀರವಾಗಿದೆ ಎಂದು ತಿಳಿಯಲು ಅದರ ಬ್ರೋಷರ್ ನೋಡಿ ಪ್ರಯೋಜನವಿಲ್ಲ. ಎರಡನೇ ವರ್ಷದ ಯಾವುದಾದರೂ ಸಿಲಬಸ್ ತೆಗೆದು, ಅದರಲ್ಲಿ ಮೊದಲ ವರ್ಷದ ಕೆಲಸದ ಒಂದು ಸಾಲಾದರೂ ಇದೆಯೇ ನೋಡಬೇಕು. ಇನ್ನೂ ಒಂದು ಕಡೆ ನೋಡಬಹುದು, ಬಜೆಟ್‌ನಲ್ಲಿ. ಸೆಮಿನಾರ್ ಮೇಷ್ಟ್ರು ಮತ್ತು ಲ್ಯಾಬ್ ಮೇಷ್ಟ್ರು ಸೆಮಿಸ್ಟರ್‌ಗೆ ಒಂದು ಮಧ್ಯಾಹ್ನ ಒಂದೇ ಮೇಜಿಗೆ ಕೂತು, ಇಬ್ಬರ ಅಸೈನ್‌ಮೆಂಟನ್ನೂ ಪಕ್ಕಪಕ್ಕ ಇಟ್ಟು ಓದಲು ಹಣ ಇಟ್ಟಿದ್ದಾರೆಯೇ? ತಾತ್ಕಾಲಿಕ ಉಪನ್ಯಾಸಕರಿಗೆ ಆ ಮಧ್ಯಾಹ್ನದ ದುಡ್ಡನ್ನು ಯಾರೋ ಕೊಡಬೇಕು, ಯಾಕೆಂದರೆ ಅವರಿಗೆ ಸಂಬಳ ಬರುವುದು ಕ್ಲಾಸ್ ಲೆಕ್ಕದಲ್ಲಿ. ಆ ಖರ್ಚು ಯಾವ ವಿದ್ಯಾರ್ಥಿಯ ವೇಳಾಪಟ್ಟಿಯಲ್ಲೂ ಕಾಣಿಸುವುದಿಲ್ಲ. ಕತ್ತರಿ ಬೀಳುವಾಗ ಮೊದಲು ಕೈಗೆ ಸಿಗುವುದು ಅದೇ.